ಹಡಗಿನಿಂದ ಬಂದ ಫೋನು

ಲಿಫ್ಟು ರಿಪೇರಿ ಮಾಡುವ ಅವನನ್ನು ಬಡಾವಣೆಯವರೆಲ್ಲ ಲಿಫ್ಟಣ್ಣ ಅನ್ನುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಕಂಪನಿಯವರು ಪ್ರತಿ ಲಿಫ್ಟಿನೊಳಗೂ ತಮ್ಮ ನಂಬರಿನ ತಗಡು ಬಡಿದಿದ್ದರು. ಅದಕ್ಕೆ ಕರೆ ಮಾಡಿದರೆ ಮೊದಲು ಸಂಗೀತ, ಆಮೇಲೆ ಒಂದನ್ನು ಒತ್ತಿ, ಎರಡನ್ನು ಒತ್ತಿ. ಅಷ್ಟು ಹೊತ್ತಿಗೆ ಒಳಗಿದ್ದವರು ಬೆವರಿ ತೊಪ್ಪೆಯಾಗಿರುತ್ತಾರೆ ಎಂದು ಲಿಫ್ಟಣ್ಣ ತಗಡಿನ ಕೆಳಗೆ ತನ್ನ ನಂಬರನ್ನೇ ದಪ್ಪಗೆ ಬರೆದಿಟ್ಟಿದ್ದ. “ಯಾರಿಗೂ ಮಾಡ್ಬೇಡಿ, ನನಗೇ ಮಾಡಿ. ನೀವು ದೇವರನ್ನ ನೆನೆಸ್ಕೊಳ್ಳೋದ್ರೊಳಗೆ ಬಂದಿರ್ತೀನಿ” ಅನ್ನುತ್ತಿದ್ದ. ಬರುತ್ತಲೂ ಇದ್ದ.

ಅವನ ಹಳೆಯ ಫೋನು ಗಾಜು ಒಡೆದು, ಬ್ಯಾಟರಿ ಉಬ್ಬಿ, ರಬ್ಬರ್ ಬ್ಯಾಂಡಿನ ಆಸರೆಯಲ್ಲಿ ಜೀವ ಹಿಡಿದಿತ್ತು. ಒಂದು ಒಳ್ಳೆಯ ಫೋನು ಕೊಳ್ಳಬೇಕೆಂಬ ಆಸೆ ಅವನಿಗೆ ಎಷ್ಟೋ ಕಾಲದಿಂದ ಇತ್ತು. ಹೆಂಡತಿಯ ತಮ್ಮ ಸರಕಿನ ಹಡಗಿನಲ್ಲಿ ಅಡುಗೆಯವನು. ಹಡಗು ನಿಂತ ಊರೊಂದರಲ್ಲಿ ಅಂಥ ಫೋನು ಇಲ್ಲಿಗಿಂತ ಮೂರರಲ್ಲೊಂದು ಭಾಗ ಅಗ್ಗವೆಂದು ಅವನು ಹೇಳಿದ್ದೇ ತಡ, ಲಿಫ್ಟಣ್ಣನಿಗೆ ಊಟ ರುಚಿಸದಾಯಿತು.

“ಇಲ್ಲೇ ತಗೊಳ್ಳಿ” ಎಂದಳು ಹೆಂಡತಿ. “ಕೆಟ್ಟರೆ ಅಂಗಡಿಯವನ ಹತ್ರ ಹೋಗಿ ಜಗಳ ಆಡ್ಬಹುದು. ಸಮುದ್ರದ ಮೇಲಿರೋ ನನ್ನ ತಮ್ಮನ ಹತ್ರ ಎಲ್ಲಿ ಹೋಗಿ ಜಗಳ ಆಡ್ತೀರಿ?”

“ನಿನ್ನ ತಮ್ಮನ ಮೇಲೆ ನಿನಗಿಂತ ನನಗೇ ನಂಬಿಕೆ ಜಾಸ್ತಿ ಕಣೇ.”

“ಇರಲಿ ಬಿಡಿ. ಮದುವೆಯಾದಾಗಿಂದ ಇವತ್ತೊಂದು ದಿನ ನನ್ನ ತವರನ್ನ ಹೊಗಳಿದ್ರಲ್ಲ.”

ಫೋನು ಬಂತು. ಕನ್ನಡಿಯಂತೆ ಹೊಳೆಯುತ್ತಿತ್ತು. ಲಿಫ್ಟಣ್ಣ ಸಿಮ್ಮು ಹಾಕಿಕೊಂಡು ನೇರ ತಾರಸಿಗೆ ಹತ್ತಿದ. ಗಾಳಿ ಬೆಳಕು ಧಾರಾಳವಾಗಿದ್ದ ಆ ಜಾಗದಲ್ಲಿ ನಿಂತು ಭಾವಮೈದುನನಿಗೆ ವಿಡಿಯೊ ಕರೆ ಮಾಡಿದ. ಹಡಗಿನ ಅಡುಗೆಮನೆಯ ಸೌಟು ಕೂಡ ಸ್ಪಷ್ಟವಾಗಿ ಕಂಡಿತು. ಬೀದಿಯಲ್ಲಿ ನೋಡಿದ, ಮನೆಯ ಕಿಟಕಿಯ ಬಳಿ ನೋಡಿದ. ಎಲ್ಲ ಕಡೆಯೂ ಸೊಗಸಾಗಿ ಮಾತು ಕೇಳುತ್ತಿತ್ತು. ದಿನದ ಅರ್ಧ ಭಾಗವನ್ನು ನೆಲಮಾಳಿಗೆಗಳಲ್ಲಿ, ಲಿಫ್ಟಿನ ಕೆಳಗಿನ ಗುಂಡಿಗಳಲ್ಲಿ ಕಳೆಯುವ ಮನುಷ್ಯ, ಅಲ್ಲಿಗಿಳಿದು ಒಂದು ಸಲವೂ ಪರೀಕ್ಷೆ ಮಾಡಲಿಲ್ಲ. ಹಳೆಯ ಫೋನು ಯಾವ ಪಾತಾಳದಲ್ಲೂ ಬಡಿದುಕೊಳ್ಳುತ್ತಿತ್ತು. ಫೋನೆಂದರೆ ಹಾಗೆಯೇ ಎಂದು ಅವನು ತಿಳಿದಿದ್ದ.

ಆ ಮಧ್ಯಾಹ್ನ ಅವನು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಿಫ್ಟಿನ ಗುಂಡಿಯೊಳಗೆ ಕೂತು ಕಸ ಬಳಿಯುತ್ತಿದ್ದ. ಫೋನು ಪಕ್ಕದಲ್ಲಿ ಮಡಿಸಿದ ಬಟ್ಟೆಯ ಮೇಲಿತ್ತು. ಯಾರೂ ಕರೆ ಮಾಡಿ ಪೀಡಿಸಲಿಲ್ಲ. ಇವತ್ತು ಎಲ್ಲ ಲಿಫ್ಟುಗಳೂ ಸಭ್ಯವಾಗಿವೆ ಎಂದುಕೊಂಡು ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ಆ ನೆಮ್ಮದಿಯನ್ನು ನೆನೆದರೆ ಈಗಲೂ ಅವನಿಗೆ ಮೈ ಮುದುಡುತ್ತದೆ.

ಮೇಲೆ ಓಡುವ ಹೆಜ್ಜೆ ಕೇಳಿಸಿತು. ಎರಡು ಬೀದಿ ಆಚೆಯ ಕಟ್ಟಡದ ಕಾವಲುಗಾರ, ಉಬ್ಬಸ ಬಂದವನಂತೆ ಗುಂಡಿಯೊಳಗೆ ಬಗ್ಗಿದ.

“ಎಷ್ಟು ಸಲ ಮಾಡೋದು ಮಾರಾಯ? ಫೋನ್ ಯಾಕೆ ಎತ್ತಲ್ಲ? ನಿನ್ನ ಹೆಂಡತಿನ ಕೇಳಿ ಇಲ್ಲಿಗೆ ಓಡಿ ಬಂದೆ.”

“ಯಾವ ಫೋನು? ಬಂದೇ ಇಲ್ವಲ್ಲ!”

“ಟೀಚರಮ್ಮ ಒಳಗೆ ಸಿಕ್ಕಾಕೊಂಡಿದ್ದಾರೆ.”

ಲಿಫ್ಟಣ್ಣ ಫೋನು ಎತ್ತಿ ನೋಡಿದ. ಚೆಂದದ ಪರದೆ. ಮೇಲಿನ ಮೂಲೆಯಲ್ಲಿ, ಸಿಗ್ನಲ್ಲಿನ ಗೆರೆಗಳಿರಬೇಕಾದ ಕಡೆ ಖಾಲಿ.

ಟೀಚರಮ್ಮ ನಾಲ್ಕನೇ ಮಹಡಿಯಲ್ಲಿ ಒಬ್ಬರೇ ಇರುವ ನಿವೃತ್ತ ಶಿಕ್ಷಕಿ. ಮಂಡಿನೋವು. ಸಂಜೆಗೊಮ್ಮೆ ಲಿಫ್ಟಿನಲ್ಲಿ ಇಳಿದು, ಕೆಳಗಿನ ಕಲ್ಲುಬೆಂಚಿನಲ್ಲಿ ಗೆಳತಿಯೊಡನೆ ಹರಟುವುದು ಅವರಿಗಿದ್ದ ಒಂದೇ ಹೊರಲೋಕ. ಅಂದು ಔಷಧಿ ತರಲೆಂದು ಮಧ್ಯಾಹ್ನವೇ ಹೊರಟಿದ್ದರು. ಕರೆಂಟು ಹೋಗಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು. ಕರೆಂಟು ಬಂದರೂ ಅದು ಮತ್ತೆ ಅಲುಗಲಿಲ್ಲ. ಬೇರೆ ಮನೆಯವರೆಲ್ಲ ಕೆಲಸಕ್ಕೆ ಹೋಗಿದ್ದರು.

ಬಾಗಿಲು ಸರಿಸಿದಾಗ ಅವರು ನೆಲದ ಮೇಲೆ ಕೂತಿದ್ದರು. ಚಪ್ಪಲಿ ಬಿಚ್ಚಿ ಒಂದು ಮೂಲೆಗೆ ಜೋಡಿಸಿಟ್ಟು, ಕೈಚೀಲವನ್ನು ಮಗುವಿನಂತೆ ಮಡಿಲಲ್ಲಿ ಹಿಡಿದುಕೊಂಡಿದ್ದರು. ಅವರ ಹಳೆಯ ಬಟನ್ ಫೋನು ಇನ್ನೂ ಕಿವಿಯ ಹತ್ತಿರವೇ ಇತ್ತು.

“ಬಂದ್ಯಾ ಮಗನೇ” ಎಂದರು. ದನಿ ಒಡೆದಿತ್ತು. “ಫೋನಿನೊಳಗಿನ ಹುಡುಗಿ ಹೇಳ್ತಾನೇ ಇದ್ಲು, ನೀನು ವ್ಯಾಪ್ತಿ ಪ್ರದೇಶದ ಹೊರಗಿದ್ದೀಯ ಅಂತ. ನಾನೂ ಬಿಡಲಿಲ್ಲ. ಸುಳ್ಳು ಹೇಳ್ಬೇಡಮ್ಮ, ಅವನು ನಮ್ಮನ್ನ ಬಿಟ್ಟು ಎಲ್ಲಿಗೂ ಹೋಗೋನಲ್ಲ ಅಂದೆ.”

“ಕಂಪನಿಗೆ ಮಾಡ್ಬೇಕಿತ್ತು ಟೀಚರಮ್ಮ.”

“ನೀನೇ ಹೇಳಿದ್ದೆಯಲ್ಲ, ಯಾರಿಗೂ ಮಾಡ್ಬೇಡಿ ಅಂತ.”

ಅದರಲ್ಲಿ ಕೊಂಕು ಇರಲಿಲ್ಲ. ಮೇಷ್ಟ್ರು ಹೇಳಿದ ಹಾಗೆ ಬರೆದ ಮಗು ಮಾತಾಡಿದಂತಿತ್ತು. ಲಿಫ್ಟಣ್ಣ ಅವರ ಚಪ್ಪಲಿಯನ್ನು ಎತ್ತಿ ಕಾಲ ಬಳಿ ಇಟ್ಟ.

ಮಾರನೆಯ ದಿನ ಬೀದಿ ಕೊನೆಯ ಮೊಬೈಲ್ ಅಂಗಡಿಗೆ ಹೋದ. ಅಂಗಡಿಯವನು ಫೋನನ್ನು ತಿರುಗಿಸಿ ನೋಡಿ ಮುಗುಳ್ನಕ್ಕ.

“ಹೊರಗಿಂದ ತರಿಸಿದ್ರಾ? ಕೆಟ್ಟಿಲ್ಲ ಅಣ್ಣಾ, ಇದು ಹುಟ್ಟಿರೋದೇ ಹೀಗೆ. ಗೋಡೆ ತೂರಿ ನೆಲಮಾಳಿಗೆಗೆ ಇಳಿಯೋ ಸಿಗ್ನಲ್ ಇದೆಯಲ್ಲ, ಅದು ಪ್ರತಿ ದೇಶದಲ್ಲೂ ಒಂದೇ ಥರ ಇರಲ್ಲ. ನಮ್ಮಲ್ಲಿರೋದು ಈ ಮಾಡೆಲ್ಲಿಗೆ ಹಿಡಿಯಲ್ಲ. ಬಯಲಲ್ಲಿ ರಾಜ, ಗುಂಡಿಯಲ್ಲಿ ಕಿವುಡ.”

“ಹಡಗಲ್ಲಿರೋ ಭಾವಮೈದುನ ಕಳಿಸಿದ್ದು. ವಾಪಸ್ ಕೊಡೋಕೆ ಆಗುತ್ತಾ?”

“ಹಡಗು ಹತ್ತಿ ಅಣ್ಣಾ.”

ಲಿಫ್ಟಣ್ಣನೂ ನಕ್ಕ, ನಗದಿದ್ದರೆ ಚೆನ್ನಾಗಿರದು ಎಂದು. ಅಲ್ಲೇ ಒಂದು ಸಾಧಾರಣ ಫೋನು ಕೊಂಡ. ಅಗ್ಗದಲ್ಲಿ ಉಳಿಸಿದ್ದೆಲ್ಲ ಅದಕ್ಕೇ ಹೋಯಿತು. ದುಡ್ಡಿನ ಮಟ್ಟಿಗೆ ಅಲ್ಲಿಗೆ ಸಮವಾಯಿತು. ಹೆಂಡತಿ ಅದನ್ನು ತೆಗೆದುಕೊಂಡು ಚಾರ್ಜಿಗೆ ಹಾಕಿದಳು, ಅಷ್ಟೇ. ಬಾಯಿ ತುಂಬ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಟೀಚರಮ್ಮ ಮತ್ತೆ ಲಿಫ್ಟು ಹತ್ತಲಿಲ್ಲ. ಅವನು ಮಾಡಬಹುದಾದ್ದನ್ನೆಲ್ಲ ಮಾಡಿದ. ಕರೆಂಟು ಹೋದಾಗ ಲಿಫ್ಟನ್ನು ಇಳಿಸುವ ಬ್ಯಾಟರಿ ಬದಲಿಸಿದ, ಒಳಗೆ ಫ್ಯಾನು ಹಾಕಿಸಿದ, ಅವರ ಕಣ್ಣೆದುರೇ ಒಬ್ಬನೇ ಒಳಗೆ ಹೋಗಿ ಮೇಲೆ ಕೆಳಗೆ ಓಡಾಡಿ ತೋರಿಸಿದ. ಅವರು ಹೊಸ್ತಿಲಲ್ಲಿ ನಿಂತು, ಮಗುವಿನ ಆಟ ನೋಡುವ ಹಾಗೆ ನೋಡಿದರು.

“ನನ್ನ ಕೈ ಹಿಡ್ಕೊಳ್ಳಿ ಟೀಚರಮ್ಮ. ನಾನೂ ಜೊತೆಗಿರ್ತೀನಿ.”

ಅವರು ಒಂದು ಹೆಜ್ಜೆ ಇಟ್ಟರು. ಬಾಗಿಲಿನ ಸಂದಿಯ ಕತ್ತಲು ಕಂಡಿತೇನೋ, ಕಾಲು ಹಿಂದೆ ಸರಿಯಿತು. “ನಿಂದೇನೂ ತಪ್ಪಿಲ್ಲಪ್ಪ. ಈ ಹಾಳು ಕಾಲೇ ಮಾತು ಕೇಳಲ್ಲ” ಎಂದರು. ಸಮಾಧಾನ ಮಾಡಬೇಕಾದವನು ಅವನು, ಮಾಡುತ್ತಿದ್ದವರು ಅವರು.

ಈಗ ಸಂಜೆಯ ಹರಟೆ ನಡೆಯುವುದು ಬಾಲ್ಕನಿಯಿಂದ. ಟೀಚರಮ್ಮ ಮೇಲಿನಿಂದ ಕೂಗುತ್ತಾರೆ. ಕೆಳಗೆ ಬೆಂಚಿನಲ್ಲಿ ಅವರ ಗೆಳತಿಯಾದ ಮೂಲೆಮನೆಯ ಅಜ್ಜಿ ಒಬ್ಬರೇ ಕೂತು ಕತ್ತೆತ್ತಿ ನೋಡುತ್ತಾರೆ. ಅಜ್ಜಿಗೆ ಕಿವಿ ಮಂದ. ಮೊನ್ನೆ ಕೆಲಸ ಮುಗಿಸಿ ಅಲ್ಲಿ ಹಾಯುತ್ತಿದ್ದ ಲಿಫ್ಟಣ್ಣನ ತೋಳನ್ನು ಅವರು ಹಿಡಿದು ನಿಲ್ಲಿಸಿದರು.

“ಏನಂತಾಳೋ ಅವಳು? ನನಗೊಂದೂ ತಿಳಿಯಲ್ಲ.”

ಲಿಫ್ಟಣ್ಣ ಮೇಲೆ ನೋಡಿದ. ಟೀಚರಮ್ಮ ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು ಮತ್ತೊಮ್ಮೆ ಕೂಗಿದರು.

“ನಾಳೆ ಇಳಿದು ಬರ್ತಾರಂತೆ” ಎಂದ ಅವನು, ಅಜ್ಜಿಯ ಕಿವಿಯ ಹತ್ತಿರ ಬಗ್ಗಿ.

“ನಿನ್ನೆಯೂ ಹಾಗೇ ಕೂಗಿದ್ಲು, ಬರಲಿಲ್ಲ” ಎಂದು ಅಜ್ಜಿ ಸೆರಗು ಸರಿಮಾಡಿಕೊಂಡು, ಬೆಂಚಿನಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟು ಸರಿದು ಕೂತರು.