ಕೆಂಪಾಗದ ಲಿಟ್ಮಸ್

ನಮ್ಮ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರಿಗೆ ಮಕ್ಕಳು ಇಟ್ಟಿದ್ದ ಹೆಸರು ವ್ಯಾಖ್ಯೆ ಟೀಚರ್. ಅಡ್ಡಹೆಸರು ಅನ್ನುವುದಕ್ಕಿಂತ ಅದನ್ನು ಬಿರುದು ಅನ್ನಬೇಕು, ಯಾಕೆಂದರೆ ಅದು ಕಿವಿಗೆ ಬಿದ್ದರೆ ಅವರ ಮುಖ ಅರಳುತ್ತಿತ್ತು. ನಾನು ಅದೇ ಶಾಲೆಯಲ್ಲಿ ಭಾಷಾ ಪಾಠ ಮಾಡುತ್ತಿದ್ದೆ. ನನ್ನ ತರಗತಿಗೂ ಅವರ ತರಗತಿಗೂ ನಡುವೆ ಇದ್ದದ್ದು ಒಂದು ತೆಳ್ಳನೆಯ ಗೋಡೆ. ನಾನು ಪದ್ಯ ಓದುತ್ತಿದ್ದರೆ ಆಚೆಯಿಂದ ನಲವತ್ತು ಗಂಟಲು ಒಟ್ಟಿಗೆ ಒದರುತ್ತಿದ್ದವು: ದ್ರಾವಕದಲ್ಲಿ ದ್ರಾವ್ಯವು ವಿಲೀನವಾಗಿ ಉಂಟಾಗುವ ಸಮರೂಪದ ಮಿಶ್ರಣವೇ ದ್ರಾವಣ. ಯಾವನಾದರೂ ‘ವಿಲೀನ’ದ ಬದಲು ‘ಕರಗಿ’ ಅಂದನೋ, ಆ ಪಾಠ ಮುಗಿಯುವವರೆಗೆ ಬೆಂಚಿನ ಮೇಲೆ ನಿಲ್ಲಬೇಕು. ಕರಗುವುದು ಮನೆಯ ಮಾತಂತೆ, ವಿಲೀನವಾಗುವುದು ವಿಜ್ಞಾನವಂತೆ.

ಸ್ಟಾಫ್ ರೂಮಿನಲ್ಲೂ ಅದೇ ರಗಳೆ. ಟೀ ಲೋಟದ ತಳದಲ್ಲಿ ಸಕ್ಕರೆ ಉಳಿದರೆ, ಇದು ಪರ್ಯಾಪ್ತ ದ್ರಾವಣ, ಇನ್ನು ಒಂದು ಹರಳೂ ಹಿಡಿಯುವುದಿಲ್ಲ ಎಂದು ತೀರ್ಪು ಕೊಡುತ್ತಿದ್ದರು. ನಾನು ಚಮಚ ಹಾಕಿ ತಿರುಗಿಸಿದರೆ ಸಕ್ಕರೆ ಮಾಯ. ಅವರು ಆಗ ಕಿಟಕಿಯತ್ತ ನೋಡುತ್ತಿದ್ದರು.

ಶಾಲೆಗೆ ಪ್ರಯೋಗಾಲಯ ಇರಲಿಲ್ಲವೆಂದಲ್ಲ. ಪಡಸಾಲೆಯ ಕೊನೆಯಲ್ಲಿ ಒಂದು ಕೋಣೆ ಇತ್ತು, ಬಾಗಿಲ ಮೇಲೆ ಬೋರ್ಡೂ ಇತ್ತು. ಒಳಗೆ ಆಟದ ಮೇಷ್ಟ್ರು ವಾಲಿಬಾಲ್ ಬಲೆ ಮತ್ತು ಗಾಳಿ ಹೋದ ಚೆಂಡುಗಳನ್ನು ಪೇರಿಸಿಟ್ಟಿದ್ದರು. ಪ್ರಯೋಗಗಳೆಲ್ಲ ನಡೆಯುತ್ತಿದ್ದದ್ದು ಕಪ್ಪು ಹಲಗೆಯ ಮೇಲೆ. ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಎಂದು ಟೀಚರ್ ಬರೆಯುವುದು, ಮಕ್ಕಳು ನಕಲು ಮಾಡುವುದು. ಯಾರೂ ಏನನ್ನೂ ನೋಡದೆ ಇಡೀ ತರಗತಿ ವೀಕ್ಷಣೆ ಮುಗಿಸಿಬಿಡುತ್ತಿತ್ತು. ಫಲಿತಾಂಶ ಮಾತ್ರ ಪ್ರತಿ ವರ್ಷ ನೂರಕ್ಕೆ ನೂರು. ಹೆಡ್‌ಮಾಸ್ಟರು ಅದನ್ನು ಗೇಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು.

ಟೀಚರಿಗೆ ಮದುವೆ ಆಗಿರಲಿಲ್ಲ. ಕನ್ನಡಕದಂಗಡಿ ಇಟ್ಟಿದ್ದ ಅಣ್ಣ-ಅತ್ತಿಗೆಯರ ಜೊತೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಅಣ್ಣ ಊರಿನವರ ಕಣ್ಣು ಪರೀಕ್ಷಿಸುತ್ತಿದ್ದ. ತಂಗಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಅವನೂ ಕೇಳಿದವನಲ್ಲ.

ಹೀಗಿರುವಾಗ ಇಲಾಖೆಯ ಸಾಹೇಬರು ಪ್ರಯೋಗಾಲಯ ನೋಡಲು ಬರುತ್ತಾರೆಂದು ಸುದ್ದಿ ಬಂತು. ಹೆಡ್‌ಮಾಸ್ಟರು ಚೆಂಡುಗಳನ್ನು ಹೊರಗೆ ಹಾಕಿಸಿ, ಟೀಚರ ಕೈಗೆ ಬೀಗದ ಕೈ ಕೊಟ್ಟರು. ಬಾಟಲಿಗಳ ಚೀಟಿಗಳನ್ನು ಹುಳ ತಿಂದು ಹಾಕಿತ್ತು. ಬಿಳಿ ಪುಡಿಗಳು ಹತ್ತಾರು, ಎಲ್ಲವೂ ಒಂದೇ ಬಿಳಿ. ಹೆಸರುಗಳನ್ನೆಲ್ಲ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಟೀಚರಿಗೆ ಒಂದರದ್ದೂ ಮುಖಪರಿಚಯ ಇರಲಿಲ್ಲ. ಮದುವೆಮನೆಯಲ್ಲಿ ನೆಂಟರ ಗುರುತು ಸಿಗದವರಂತೆ ಅತ್ತಿತ್ತ ನೋಡಿ, ಕೊನೆಗೆ ಮನಸ್ಸಿಗೆ ತೋಚಿದ ಹಾಗೆ ಚೀಟಿ ಅಂಟಿಸಿದರು. ಆಮ್ಲದ ಬಾಟಲಿಯೊಂದೇ ಗಾಜಿನ ಮೇಲೆ ಹೆಸರು ಕೊರೆದದ್ದು. ಅದು ಕುತ್ತಿಗೆವರೆಗೆ ತುಂಬಿತ್ತು.

ಸಾಹೇಬರು ಬಂದರು. ಬಂದವರ ಕಣ್ಣು ಕೋಣೆಗಿಂತ ಗಡಿಯಾರದ ಮೇಲೇ ಹೆಚ್ಚಾಗಿತ್ತು. ಯಾರಾದರೂ ಒಂದು ಪ್ರಯೋಗ ಮಾಡಿ ತೋರಿಸಲಿ ಎಂದರು. ತರಗತಿಗೆ ಮೊದಲಿಗಳಾದ ಎರಡು ಜಡೆಯ ಹುಡುಗಿ ಮುಂದೆ ಬಂದು, ಆಮ್ಲದ ಬಾಟಲಿಯಿಂದ ಪ್ರನಾಳಕ್ಕೆ ಸ್ವಲ್ಪ ಬಗ್ಗಿಸಿ, ಅದರಲ್ಲಿ ನೀಲಿ ಲಿಟ್ಮಸ್ ಕಾಗದ ಅದ್ದಿ ಎತ್ತಿ ಹಿಡಿದಳು. ಆಮ್ಲ ತಾಕಿದರೆ ಕೆಂಪಾಗಬೇಕಿದ್ದ ಕಾಗದ ನೀಲಿಯಾಗಿಯೇ ಇತ್ತು. ವೀಕ್ಷಣೆ ಏನು ಎಂದು ಸಾಹೇಬರು ಕೇಳಿದರು. ಲಿಟ್ಮಸ್ ಕಾಗದವು ಕೆಂಪು ಬಣ್ಣಕ್ಕೆ ತಿರುಗಿತು ಎಂದು ಹುಡುಗಿ ಗಂಟೆ ಬಾರಿಸಿದಂತೆ ಹೇಳಿದಳು. ಸಾಹೇಬರು ತಲೆದೂಗಿದರು. ಹೆಡ್‌ಮಾಸ್ಟರು ಹಲ್ಲು ಕಿರಿದರು. ಪರಿಶೀಲನೆ ಮುಗಿಯಿತು, ಎಲ್ಲರೂ ಬಿಸ್ಕತ್ತಿನ ತಟ್ಟೆಯ ಕಡೆ ನಡೆದರು.

ಆ ಕಾಗದವನ್ನು ನೋಡುತ್ತ ನಿಂತವರು ಟೀಚರ್ ಒಬ್ಬರೇ. ನಾನು ಅವರನ್ನು ಕರೆಯಲು ಬಾಗಿಲಿಗೆ ಬಂದಾಗ ಅವರು ಹುಡುಗಿಯನ್ನು ತಡೆದು ನಿಲ್ಲಿಸಿದ್ದರು.

“ನಿನ್ನ ಕೈಲಿರೋ ಕಾಗದ ಯಾವ ಬಣ್ಣ?”

“ನೀಲಿ, ಮಿಸ್.”

“ಮತ್ತೆ ಕೆಂಪು ಅಂದೆಯಲ್ಲ?”

ಹುಡುಗಿ ಇಂಥ ಪ್ರಶ್ನೆಯೂ ಉಂಟೇ ಎಂಬಂತೆ ಅವರನ್ನು ನೋಡಿದಳು.

“ಅವರು ಬಣ್ಣ ಕೇಳ್ಲಿಲ್ಲ ಮಿಸ್. ವೀಕ್ಷಣೆ ಕೇಳಿದ್ರು.”

ಬೇರೆ ಯಾರಾದರೂ ಆಗಿದ್ದರೆ ಹುಡುಗಿಯ ಕೆನ್ನೆಗೆ ಎರಡು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಟೀಚರ್ ಆ ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು ಅವಳನ್ನು ಕಳಿಸಿದರು. ಅಂದು ಟೀ ಕುಡಿಯಲಿಲ್ಲ. ಮರುದಿನ ಮನೆಯಿಂದ ಒಂದು ನಿಂಬೆಹಣ್ಣು ತಂದು, ನನ್ನನ್ನೂ ಎಳೆದುಕೊಂಡು ಆ ಕೋಣೆಗೆ ಹೋದರು. ಕಾಗದ ಕೆಟ್ಟಿರಬೇಕು, ಇಲ್ಲವೇ ಬಾಟಲಿಯಲ್ಲಿರುವುದು ಆಮ್ಲವಲ್ಲ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ತಪ್ಪು ಯಾವುದರದ್ದೆಂದು ತಿಳಿಯುವುದಿಲ್ಲ, ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ಪ್ರಾಕ್ಕಲ್ಪನೆ, ಚರ ಎಂದೆಲ್ಲ ಇಪ್ಪತ್ತು ವರ್ಷ ಉರು ಹೊಡೆಸಿದ ಹೆಂಗಸು ಅವುಗಳನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅದೇ ಕಟ್ಟಿನ ಕಾಗದದ ಮೇಲೆ ನಿಂಬೆರಸ ಹಿಂಡಿದರು. ಕಾಗದ ಕೆಂಪಗಾಯಿತು. ಅವರು ಕೂಗಲಿಲ್ಲ, ಕುಣಿಯಲಿಲ್ಲ. ಇನ್ನೊಂದು ತುಂಡು ತೆಗೆದು ಮತ್ತೆ ಹಿಂಡಿದರು, ಆಮೇಲೆ ಮತ್ತೊಂದು.

ಬಾಟಲಿಯಲ್ಲಿದ್ದದ್ದು ನಲ್ಲಿ ನೀರು. ಪ್ಯೂನನ್ನು ಕರೆದು ಕೇಳಿದ್ದಕ್ಕೆ ಅವನು ಮುಚ್ಚುಮರೆ ಮಾಡಲಿಲ್ಲ. ಆಮ್ಲವನ್ನು ಯಾವತ್ತೋ ಕಕ್ಕಸು ತೊಳೆಯಲು ಸುರಿದಾಗಿತ್ತು. ಸಾಹೇಬರಿಗೆ ಬಾಟಲಿ ಖಾಲಿ ಕಾಣಬಾರದೆಂದು ಹೆಡ್‌ಮಾಸ್ಟರೇ ನೀರು ತುಂಬಿಸಿದ್ದರು. ಇಡೀ ಶಾಲೆಯಲ್ಲಿ ಆಮ್ಲವನ್ನು ಸರಿಯಾಗಿ ಉಪಯೋಗಿಸಿದ ಜಾಗ ಕಕ್ಕಸು ಒಂದೇ ಎಂದಾಯಿತು.

ಅಲ್ಲಿಂದ ಟೀಚರಿಗೆ ಹುಚ್ಚೇ ಹಿಡಿಯಿತು. ಹೊಸದಾಗಿ ಸೈಕಲ್ ಕಲಿತವರ ಹಾಗೆ ಕಂಡಕಂಡಲ್ಲಿ ಹೋಗಿ ಗುದ್ದಿದರು. ಪ್ರನಾಳ ಒಡೆದರು, ಬೆರಳು ಸುಟ್ಟುಕೊಂಡರು, ತಾವೇ ಅಂಟಿಸಿದ ಚೀಟಿಗಳನ್ನು ಕಿತ್ತು, ಪ್ರತಿ ಪುಡಿಯನ್ನೂ ಪರೀಕ್ಷಿಸಿದರು. ವಿನೆಗರ್ ಬಿದ್ದರೆ ನೊರೆ ಉಕ್ಕಿದ್ದು ಯಾವುದು, ಬಿಸಿಯಾದರೆ ಕಪ್ಪಾದದ್ದು ಯಾವುದು ಎಂದು ಮಕ್ಕಳಿಂದಲೇ ಹೇಳಿಸಿದರು. ಕಂಡದ್ದನ್ನು ಬರೆಯಿರಿ, ಕಾಣದಿದ್ದರೆ ಕಾಣಲಿಲ್ಲ ಅಂತ ಬರೆಯಿರಿ ಎಂಬುದೊಂದೇ ಕಟ್ಟಪ್ಪಣೆ. ಮೊದಮೊದಲು ಮಕ್ಕಳು ಪ್ರನಾಳ ಬಿಟ್ಟು ಅವರ ಮುಖ ನೋಡಿ ಬರೆಯುತ್ತಿದ್ದರು. ಅದು ತಪ್ಪಲು ತಿಂಗಳುಗಳೇ ಬೇಕಾದವು. ಟೀಚರ ಅತ್ತಿಗೆ ನನಗೆ ಬಸ್ಸಿನಲ್ಲಿ ಸಿಕ್ಕಾಗ ಮೂಗು ಮುರಿದರು: ಮನೆಯಲ್ಲಿ ಒಂದು ಲೋಟ ತೊಳೆದವಳಲ್ಲ, ಶಾಲೆಯಲ್ಲಿ ಬಾಟಲಿ ತೊಳೆಯುತ್ತಾಳಂತೆ, ಮನೆಯಲ್ಲಿ ನಿಂಬೆಹಣ್ಣೇ ಉಳಿಯುವುದಿಲ್ಲ ಎಂದು.

ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆ ಬಂತು. ಹೊರಗಿನಿಂದ ಬಂದ ಪರೀಕ್ಷಕರು ತಮ್ಮ ಜೊತೆಗೇ ಮೆಗ್ನೀಷಿಯಂ ಪಟ್ಟಿಯ ಸುರುಳಿ ತಂದಿದ್ದರು. ಹಿಂದಿನ ದಿನ ಇನ್ನೊಂದು ಶಾಲೆಯಲ್ಲಿ ಪರೀಕ್ಷೆ ಮುಗಿಸಿದ್ದೂ ಅದೇ ಸುರುಳಿಯಲ್ಲಿ. ಪಟ್ಟಿಯನ್ನು ಉರಿಸಿ ವೀಕ್ಷಣೆ ಬರೆಯಬೇಕು. ಸುರುಳಿ ಯಾವ ಕಾಲದ್ದೋ, ಮೇಲೆಲ್ಲ ಬೂದು ಬಣ್ಣದ ಪದರ. ಮಕ್ಕಳು ಎಷ್ಟು ಹೊತ್ತು ಜ್ವಾಲೆಗೆ ಹಿಡಿದರೂ ಅದು ಹೊತ್ತಿಕೊಳ್ಳಲಿಲ್ಲ. ಹೊತ್ತಿಕೊಳ್ಳಲಿಲ್ಲ, ಮೇಲಿನ ಪದರ ಕಾರಣವಿರಬಹುದು, ಉಜ್ಜಿ ತೆಗೆದು ಮತ್ತೆ ನೋಡಬೇಕು ಎಂದು ಮಕ್ಕಳು ಬರೆದರು. ಆ ಎರಡು ಜಡೆಯವಳೂ ಹಾಗೇ ಬರೆದಳು. ಮರಳು ಕಾಗದ ಕೊಡಿ ಎಂದು ಒಬ್ಬಳು ಕೇಳಿದ್ದಕ್ಕೆ, ಪರೀಕ್ಷಾ ಕೊಠಡಿಯಲ್ಲಿ ಮಾತಾಡಬಾರದು ಎಂದು ಪರೀಕ್ಷಕರು ಗದರಿಸಿದರು. ಅವರ ಉತ್ತರ ಸೂಚಿಯಲ್ಲಿ ಇದ್ದದ್ದು ‘ಕಣ್ಣು ಕೋರೈಸುವ ಬಿಳಿ ಬೆಳಕು’. ಹಿಂದಿನ ದಿನದ ಶಾಲೆಯವರೆಲ್ಲರ ಕಣ್ಣು ಅದೇ ಹೊತ್ತಿಕೊಳ್ಳದ ಪಟ್ಟಿಯಿಂದ ಕೋರೈಸಿತ್ತು, ಅವರಿಗೆ ಪೂರ್ತಿ ಅಂಕ. ನಮ್ಮವರಿಗೆ ಸೊನ್ನೆ.

ಗೇಟಿನ ಮೇಲಿನ ನೂರು ಅಳಿಸಬೇಕಾಗಿ ಬಂದಾಗ ಹೆಡ್‌ಮಾಸ್ಟರು ಪೋಷಕರ ಸಭೆ ಕರೆದರು. ಟೀಚರ್ ಎದ್ದು ನಿಂತು, ಮಕ್ಕಳು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದರು. ಅದನ್ನು ಯಾರೂ ಅಲ್ಲಗಳೆಯಲಿಲ್ಲ, ಯಾರೂ ಕಿವಿಯ ಮೇಲೂ ಹಾಕಿಕೊಳ್ಳಲಿಲ್ಲ. ಔಷಧಿ ಅಂಗಡಿ ಇಟ್ಟಿದ್ದ ತಂದೆಯೊಬ್ಬರು ತಾಳ್ಮೆಯಿಂದಲೇ ಕೇಳಿದರು:

“ಕಣ್ಣಿಗೆ ಕಂಡಿದ್ದನ್ನ ಬರೆಯೋದಾದ್ರೆ ಸ್ಕೂಲು ಯಾಕೆ ಬೇಕಮ್ಮ? ಅದನ್ನ ಮನೇಲೇ ಕೂತು ಬರೀಬಹುದಲ್ಲ.”

ಸಭೆಯೆಲ್ಲ ಹೌದು ಹೌದು ಎಂದಿತು. ಇಂಥವರ ಅಂಗಡಿಯಿಂದ ನಾವು ಮಾತ್ರೆ ತಂದು ನುಂಗುತ್ತೇವೆ.

ಮುಂದಿನ ವರ್ಷ ಟೀಚರ ಕೈಯಿಂದ ರಸಾಯನಶಾಸ್ತ್ರ ತಪ್ಪಿತು. ಅದು ಹೋದದ್ದು ಆಟದ ಮೇಷ್ಟ್ರ ಕೈಗೆ, ಅವರಿಗೆ ದನಿ ದೊಡ್ಡದು ಎಂಬ ಕಾರಣಕ್ಕೆ. ಬಲೆ, ಚೆಂಡು ಹಳೆಯ ಜಾಗ ಸೇರಿದವು. ಟೀಚರಿಗೆ ಸಿಕ್ಕಿದ್ದು ನೀತಿಪಾಠ. ಹೆಡ್‌ಮಾಸ್ಟರು ಕೊಟ್ಟ ಮೊದಲ ಪಾಠದ ಹೆಸರು ‘ಸತ್ಯವನ್ನೇ ನುಡಿಯಬೇಕು’. ಇದರಲ್ಲಿ ನಗುವಂಥದ್ದು ಏನಿದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ನಾನು ಸ್ಟಾಫ್ ರೂಮಿನಲ್ಲಿ ನಕ್ಕಾಗ ನನ್ನನ್ನು ಗಂಟುಮುಖ ಹಾಕಿ ನೋಡಿದರು.

ಟೀಚರ್ ಆ ಪಾಠವನ್ನು ನಿವೃತ್ತಿಯವರೆಗೂ ಮಾಡಿದರು. ಬೀಳ್ಕೊಡುಗೆಯ ದಿನ ಹೆಡ್‌ಮಾಸ್ಟರು ಶಾಲು ಹೊದಿಸಿ, ಇಪ್ಪತ್ತು ವರ್ಷ ಸತತವಾಗಿ ನೂರಕ್ಕೆ ನೂರು ತಂದುಕೊಟ್ಟ ಮಹಾತಾಯಿ ಎಂದು ಗಂಟಲು ಗದ್ಗದ ಮಾಡಿಕೊಂಡರು. ಸೊನ್ನೆ ಬಂದ ವರ್ಷದ ಮಾತನ್ನು ಎತ್ತಲಿಲ್ಲ, ಸತ್ತವರ ಸಾಲದಂತೆ ಬಿಟ್ಟುಬಿಟ್ಟರು. ಕೊನೆಗೆ ಮೈಕು ಟೀಚರ ಕೈಗೆ ಬಂತು.

“ಆ ನೂರು ನಂದಲ್ಲ. ಆ ಮಕ್ಕಳಿಗೆ ನಾನು ಏನೂ ಕಲಿಸ್ಲಿಲ್ಲ. ನನ್ನದು ಅಂತ ಇದ್ರೆ ಆ ಸೊನ್ನೆ ಬಂದ ತಂಡ ಮಾತ್ರ.”

ಅಷ್ಟು ಹೇಳಿ ಕುಳಿತರು. ಆಮೇಲೆ ಚಪ್ಪಾಳೆ ಬಿತ್ತು, ಆ ವೇದಿಕೆಯಲ್ಲಿ ಹಿಂದೆಂದೂ ಕೇಳದಂಥ ಚಪ್ಪಾಳೆ. ಎಂಥ ವಿನಯ, ಎಂಥ ದೊಡ್ಡ ಗುಣ ಎಂದು ಹೆಡ್‌ಮಾಸ್ಟರು ಮೈಕು ಕಿತ್ತುಕೊಂಡು ಸಾರಿದರು.

ಬಸ್ ಸ್ಟಾಪಿನವರೆಗೆ ನಾವಿಬ್ಬರೂ ನಡೆದುಕೊಂಡು ಹೋದೆವು. ಶಾಲನ್ನು ಮಡಚಿ ಚೀಲಕ್ಕೆ ತುರುಕಿಕೊಂಡ ಟೀಚರ್, ತಮ್ಮ ಮಾತು ಯಾರಿಗೂ ತಿಳಿಯಲಿಲ್ಲ ಅಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಬಸ್ಸು ಬಂತು. ಕಿಟಕಿಯ ಪಕ್ಕದ ಸೀಟು ಹಿಡಿದು, ಅಣ್ಣನ ಅಂಗಡಿಗೆ ಹೋಗಿ ಮೊದಲು ತಮ್ಮ ಕಣ್ಣು ತೋರಿಸಿಕೊಳ್ಳಬೇಕು, ಇತ್ತೀಚೆಗೆ ದೂರದ್ದು ಮಸುಕಾಗಿದೆ ಎಂದರು.