ಖಾಲಿ ಬಿಡಬೇಕಾಗಿದ್ದ ಪಂಪು

ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಗ್ಗೆ ಆರೂವರೆ. ಊರಿಗಾಂನಲ್ಲಿ ನಮ್ಮ ಮನೆಯ ಮುಂದಿನ ಬಯಲು. ಹಾಜರಿದ್ದವರು: ನಾನು, ನನ್ನ ಹೆಂಡತಿ ಸರೋಜ, ಅವಳ ತಮ್ಮ ಮುನಿರಾಜು.

ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೂರು ಚಳಿಗಾಲದ ಹಿಂದೆ, ಹಿಮಾಲಯದ ಕಣಿವೆಯೊಂದರಲ್ಲಿ ನಮ್ಮ ಮನೆಗಾಡಿಯ ನೀರಿನ ಪೈಪುಗಳು ಹೆಪ್ಪುಗಟ್ಟಿ ಒಡೆದದ್ದು ಸರೋಜಳ ಮರೆವಿನಿಂದ ಅಲ್ಲ. ನನ್ನಿಂದ. ಅದು ಆ ಬೆಳಗ್ಗೆಯೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಮೇಲೆ ಹೊರಿಸಿದೆ. ಆಮೇಲೆ ಅದನ್ನೇ ತಮಾಷೆಯ ಕಥೆ ಮಾಡಿಕೊಂಡು ಮಾರಿಕುಪ್ಪಂ ರೈಲಿನಲ್ಲಿ, ಬಂಗಾರಪೇಟೆಯ ಮದುವೆ ಮನೆಗಳಲ್ಲಿ, ಸಿಕ್ಕಸಿಕ್ಕವರಿಗೆ ಹೇಳಿದೆ. ಹತ್ತು ಜನರೆದುರು ಆಡಿದ ಸುಳ್ಳನ್ನು ಅಡುಗೆಮನೆಯಲ್ಲಿ ಒಬ್ಬಳ ಕಿವಿಯಲ್ಲಿ ತಿದ್ದಿಕೊಂಡರೆ ಸಾಲದು — ಅದಕ್ಕೇ ಬರೆಯುತ್ತಿದ್ದೇನೆ.

ನಾನು ನಂದಿದುರ್ಗದ ಚಿನ್ನದ ಗಣಿಯಲ್ಲಿ, ನೆಲದ ಕೆಳಗೆ, ಪಂಪು ನೋಡಿಕೊಳ್ಳುತ್ತಿದ್ದವನು. ಗಣಿಯೊಳಗೆ ಒಸರುವ ನೀರನ್ನು ಮೇಲಕ್ಕೆ ಎತ್ತುತ್ತಲೇ ಇರಬೇಕು. ಪಂಪು ನಿಂತರೆ ಕೆಳಗಿನವರ ಕಾಲಿಗೆ ನೀರು ಬರುತ್ತದೆ. ನಮ್ಮಲ್ಲಿ ಪಾಳಿ ಬದಲಾಗುವಾಗ ಒಂದು ಕ್ರಮವಿತ್ತು. ಮನೆಗೆ ಹೋಗುವವನು ಬರುವವನಿಗೆ ‘ಪಂಪು ತುಂಬಿದೆ’ ಎಂದು ಬಾಯಿಬಿಟ್ಟು ಹೇಳಬೇಕು. ಬರುವವನು ‘ಸರಿ’ ಎನ್ನಬೇಕು. ಪಂಪಿನ ಹೊಟ್ಟೆಯಲ್ಲಿ ನೀರಿಲ್ಲದೆ ಓಡಿಸಿದರೆ ಅದು ನೀರೆತ್ತುವುದಿಲ್ಲ, ಸುಟ್ಟುಹೋಗುತ್ತದೆ. ಖಾಲಿ ಪಂಪನ್ನು ಒಪ್ಪಿಸಿ ಹೋದವನಿಗೆ ಮರುದಿನ ಯಾರೂ ಬೀಡಿಗೆ ಬೆಂಕಿ ಕೊಡುತ್ತಿರಲಿಲ್ಲ. ಗಣಿ ಮುಚ್ಚಿತು. ಆ ಕ್ರಮ ಮಾತ್ರ ನನ್ನ ಕೈಯಲ್ಲಿ ಉಳಿಯಿತು.

ಮುನಿರಾಜು ಬಂಗಾರಪೇಟೆ ಪಕ್ಕದ ಹಳ್ಳಿಯವನು. ದೇಶವೆಲ್ಲ ಲಾರಿ ಓಡಿಸಿದವನು. ಹಳೆಯ ಮಿನಿಬಸ್ಸೊಂದನ್ನು ತಂದು, ಸೀಟು ಕಿತ್ತು, ಒಳಗೆ ಎರಡು ಮಂಚ, ಒಂದು ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಮೂಲೆಯಲ್ಲಿ ಸ್ನಾನದ ಗೂಡು ಮಾಡಿದ. ನೆಲದಡಿಗೆ ನೀರಿನ ಟ್ಯಾಂಕು, ಬ್ಯಾಟರಿಯಲ್ಲಿ ಓಡುವ ಅಂಗೈಯಗಲದ ಪಂಪು, ಒಂದು ಪುಟ್ಟ ಗೀಸರು. ನಾವೆಲ್ಲ ಅದನ್ನು ಮನೆಗಾಡಿ ಎಂದೆವು. ಸರೋಜ ಅದರ ನಲ್ಲಿಯನ್ನು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನಕ್ಕಳು. ಮದುವೆಯಾಗಿ ಗಣಿಯವರ ಈ ಲೈನು ಮನೆಗೆ ಬಂದ ದಿನದಿಂದ ಅವಳು ಬೀದಿ ನಲ್ಲಿಯ ಮುಂದೆ ಬಿಂದಿಗೆ ಸಾಲಿನಲ್ಲಿ ನಿಂತವಳು.

ಆ ಸಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಬಿಂದಿಗೆ ಇಟ್ಟು ಒಳಗೆ ಹೋದವರು, ಮಗು ಅತ್ತಿತೆಂದು ಓಡಿದವರು, ನಡುವೆ ನುಸುಳಿದವರು — ಜಗಳ ಎದ್ದರೆ ಎಲ್ಲರೂ ತಿರುಗುತ್ತಿದ್ದದ್ದು ಅವಳ ಕಡೆಗೆ. ಪಕ್ಕದ ಮನೆಯ ಸೆಲ್ವಿ ಸೊಂಟಕ್ಕೆ ಕೈಯಿಟ್ಟು, “ಸರೋಜಕ್ಕಾ, ನೀಂಗ ಸೊಲ್ಲುಂಗ” ಅನ್ನುತ್ತಿದ್ದಳು, ನೀವೇ ಹೇಳಿ ಎಂದು. ಇವಳು ಯಾರ ಬಿಂದಿಗೆಯ ಹಿಂದೆ ಯಾರದು ಎಂದು ಒಂದೇ ಉಸಿರಿಗೆ ಹೇಳುತ್ತಿದ್ದಳು. ಅಲ್ಲಿಗೆ ಮುಗಿಯಿತು. ಅದರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಚಳಿಗಾಲದಲ್ಲೇ ಹಿಮಾಲಯಕ್ಕೆ ಹೋಗಬೇಕೆಂದದ್ದು ಅವಳೇ. “ಜೀವ್ಮಾನ ಪೂರ್ತಿ ನೀರಿನ ಇಂದೆ ಓಡಿದ್ದೀನಿ. ನಿಂತಿರೋ ನೀರು ಎಂಗಿರ್ತದೆ, ಒಂದ್ಸತಿ ಮುಟ್ಟಿ ನೋಡ್ಬೇಕು” ಅಂದಳು. ಬಂಡೆಯಿಂದ ಇಳಿಯುವ ತೊರೆ ಇಳಿಯುತ್ತಿರುವಂತೆಯೇ ಗಟ್ಟಿಯಾಗಿ ತೂಗುವ ಜಾಗವೊಂದನ್ನು ಮುನಿರಾಜು ಅವಳಿಗೆ ಫೋನಿನಲ್ಲಿ ತೋರಿಸಿದ್ದ.

ಅಂಥ ಚಳಿಯಲ್ಲಿ ಗಾಡಿಯ ನೀರನ್ನು ಕಾಯುವುದು ಹೇಗೆಂದು ಹೊರಡುವ ಮೊದಲೇ ಕಲಿತುಕೊಂಡಿದ್ದೆವು. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ. ಜಾಗ ಸಿಗದಿದ್ದರೆ ಪೈಪನ್ನು, ಪಂಪನ್ನು, ಗೀಸರನ್ನು ಸೀಳುತ್ತದೆ. ಆದ್ದರಿಂದ ಸಂಜೆ ಅಡುಗೆಯಾದೊಡನೆ ಮೇಲಿನ ನಲ್ಲಿಗಳನ್ನು ತೆಗೆದು, ಗೀಸರಿನ ನೀರು ಇಳಿಸಬೇಕು. ಟ್ಯಾಂಕಿನ ಕೆಳಗಿನ ನಲ್ಲಿ ತೆಗೆದು ಖಾಲಿ ಮಾಡಬೇಕು. ಪಂಪನ್ನು ಒಂದು ಕ್ಷಣ ಓಡಿಸಿ, ಅದು ಕೆಮ್ಮಿ ಗಾಳಿ ಉಗುಳುವವರೆಗೆ ಬಿಟ್ಟು, ಆರಿಸಬೇಕು. ಆಮೇಲೆ ಎಲ್ಲ ನಲ್ಲಿಗಳನ್ನೂ ಬಾಯ್ತೆರೆದೇ ಬಿಡಬೇಕು. ಕುಡಿಯುವ ನೀರು ಮಾತ್ರ ಒಳಗೆ, ಕ್ಯಾನಿನಲ್ಲಿ, ಕಂಬಳಿ ಸುತ್ತಿ. ಕೆಲಸ ಹಂಚಿದವನು ನಾನು. ಗಾಡಿ ಮುನಿರಾಜುವಿನದು, ದಾರಿ ಮತ್ತು ಸಮಯ ನನ್ನದು, ನೀರು ಸರೋಜಳದು. ಪ್ರತಿ ಸಂಜೆ ಅವಳು ಸೆರಗಿನಲ್ಲಿ ಕೈ ಒರೆಸುತ್ತ ಬಂದು, “ನೀರು ಬಿಟ್ಟಾಯ್ತು” ಅನ್ನುತ್ತಿದ್ದಳು. ನಾನು “ಸರಿ” ಅನ್ನುತ್ತಿದ್ದೆ. ಗಣಿಯ ಪಾಳಿಯಂತೆಯೇ. ಆ ಎರಡು ಮಾತಿಗಾಗಿ ಈಗ ನಾನು ಎಷ್ಟು ಹಂಬಲಿಸುತ್ತೇನೆ ಎಂದರೆ — ಇರಲಿ.

ಮನಾಲಿ ದಾಟಿ, ಬೆಟ್ಟದ ಹೊಟ್ಟೆಯೊಳಗಿನ ಉದ್ದನೆಯ ಸುರಂಗದಲ್ಲಿ ಹೋದೆವು. ನನಗೆ ಗೊತ್ತಿದ್ದ ಸುರಂಗಗಳೆಲ್ಲ ಬೆವರಿಳಿಸುವಂಥವು. ಈ ಸುರಂಗದ ಆಚೆ ಬಾಯಿಯಲ್ಲಿ ಬಿಳಿಯ ಬೆಟ್ಟಗಳು ನಿಂತಿದ್ದವು. ಸರೋಜ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ತೂಗುವ ತೊರೆ ಇನ್ನು ಅರ್ಧ ದಿನದ ದಾರಿ. ಕತ್ತಲಾಗುವ ಮುಂಚೆ ಒಂದು ಢಾಬಾದ ಪಕ್ಕ ನಿಂತೆವು. ಅಡುಗೆಯಾಯಿತು. ಅವಳು ತನ್ನ ಕೆಲಸ ಮುಗಿಸಿ, “ನೀರು ಬಿಟ್ಟಾಯ್ತು” ಅಂದಳು. ನಾನು “ಸರಿ” ಅಂದೆ. ಅಕ್ಕ, ತಮ್ಮ ಇಬ್ಬರೂ ಬಿಸಿ ಚಹಾ ತರಲು ಢಾಬಾದ ಒಳಕ್ಕೆ ಹೋದರು.

ನಾನು ಒಬ್ಬನೇ ಇದ್ದೆ. ಎಲ್ಲವನ್ನೂ ಒಮ್ಮೆ ನೋಡಿ ಮಲಗುವುದು ನನ್ನ ಪದ್ಧತಿ. ಪಂಪಿನ ಗುಂಡಿ ಒತ್ತಿದೆ. ಅದು ಒಣಗಿದ ಸದ್ದು ಮಾಡಿತು — ಕಲ್ಲು ಅಗಿದಂತೆ, ಗಡಗಡ. ಆ ಸದ್ದು ಕೇಳಿದರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಕೆಳಗಿನ ನಲ್ಲಿಗಳನ್ನು ಮುಚ್ಚಿದೆ. ಕುಡಿಯುವ ನೀರಿನ ಕ್ಯಾನನ್ನು ಎತ್ತಿ ಪೂರ್ತಿ ಟ್ಯಾಂಕಿಗೆ ಸುರಿದೆ. ಸದ್ದು ಮೆತ್ತಗಾಗುವವರೆಗೆ ಪಂಪು ಓಡಿಸಿದೆ. ಮೇಲಿನ ನಲ್ಲಿಗಳನ್ನೂ ಬಿಗಿದೆ. ಪಂಪು ತುಂಬಿದೆ ಎಂದುಕೊಂಡೆ. ಸಮಾಧಾನವಾಯಿತು. ಚೆನ್ನಾಗಿ ನಿದ್ದೆ ಮಾಡಿದೆ.

‘ಕೈ ತಾನಾಗಿಯೇ ಮಾಡಿತು’ ಎಂದು ಬರೆಯಲು ಹೊರಟಿದ್ದೆ. ಕೈ ನನ್ನದೇ.

ಬೆಳಗ್ಗೆ ನಲ್ಲಿಯಲ್ಲಿ ಏನೂ ಬರಲಿಲ್ಲ. ಬಿಸಿಲು ಏರಿದ ಮೇಲೆ ಬಂತು — ಎಲ್ಲ ಕಡೆಯಿಂದ. ಪಂಪು ಎರಡು ಹೋಳಾಗಿತ್ತು, ಗೀಸರಿನ ತಳ ಸೀಳಿತ್ತು, ಪೈಪಿನ ಪ್ರತಿ ಮೊಣಕೈಯಲ್ಲೂ ಬಿರುಕು. ನೀರು ಮಂಚದಡಿ ಹರಿದು, ಹಾಸಿಗೆ ನೆನೆದು, ಬ್ಯಾಟರಿಯ ವೈರುಗಳಿಗೆ ಇಳಿದು ಎಲ್ಲ ಆರಿಹೋಯಿತು. ಮುನಿರಾಜು ಗಾಡಿಯ ಕೆಳಗಿನಿಂದ ತಲೆ ಹೊರಹಾಕಿ ಕೇಳಿದ:

“ಅಕ್ಕಾ, ನೆನ್ನೆ ನೀರು ಬಿಟ್ಯಾ? ನಲ್ಲಿಗಳೆಲ್ಲ ಬಿಗಿಯಾಗವೆ.”

“ಬಿಟ್ಟೆ ಕಣೋ.”

ಅವನು ನನ್ನ ಮುಖ ನೋಡಿದ. ಅವಳೂ ನೋಡಿದಳು. ಆ ಹೊತ್ತಿಗೆ ನನಗೆ ಎಲ್ಲ ನೆನಪಾಗಿತ್ತು. ನಾನು ಹೇಳಿದ್ದು ಒಂದೇ ಮಾತು.

“ಮರೆತಿರಬೇಕು.”

ಅವಳು ಬಾಯಿ ತೆರೆದಳು — “ಇಲ್ಲ, ನಾನು...” ಎಂದು ಅಲ್ಲಿಗೇ ನಿಂತಳು. ನಾನು ತಪ್ಪುವವನಲ್ಲ ಎಂಬುದು ನಮ್ಮ ಮನೆಯಲ್ಲಿ ಗೋಡೆಯಷ್ಟು ಗಟ್ಟಿಯಾದ ಮಾತು, ಕಟ್ಟಿದವನು ನಾನೇ. ಅವಳು ನನ್ನನ್ನು ನಂಬಿ ತನ್ನನ್ನು ಬಿಟ್ಟುಕೊಟ್ಟಳು. “ಇರ್ಬೋದು. ವಯಸ್ಸಾತಲ್ಲ” ಅಂದಳು. ಅವರಿಬ್ಬರೂ ಹಾಸಿಗೆ ಹಿಂಡುತ್ತಿದ್ದಾಗ ನಾನು ಖಾಲಿ ಕ್ಯಾನನ್ನು ಬಟ್ಟೆಚೀಲಗಳ ಹಿಂದಕ್ಕೆ ಸರಿಸಿದೆ. ಪಂಪಿಗೆ ನೀರು ತುಂಬಿದ್ದು ಮರೆವಿರಬಹುದು. ಇದು ಮರೆವಲ್ಲ.

ಅಂದೇ ಹಿಂತಿರುಗಿದೆವು. ತೂಗುವ ತೊರೆಯನ್ನು ಅವಳು ನೋಡಲಿಲ್ಲ. ಅಷ್ಟು ದೂರದ ದಾರಿಯಲ್ಲಿ ಒಮ್ಮೆಯೂ ಅದರ ಮಾತೆತ್ತಲಿಲ್ಲ.

ಊರಿಗೆ ಬಂದ ಮೇಲೆ ಸಣ್ಣದಾಗಿ ಶುರುವಾಯಿತು. ಒಲೆ ಆರಿಸಿ, ಹೊಸಿಲು ದಾಟಿ, ಮತ್ತೆ ಒಳಗೆ ಹೋಗಿ ಮುಟ್ಟಿ ನೋಡುವುದು. ಸ್ಟೇಷನ್ನಿನ ಅರ್ಧ ದಾರಿಯಿಂದ ಬೀಗ ನೋಡಲು ಮರಳುವುದು. ನಮ್ಮ ಕಣ್ಣೆದುರೇ ರೈಲು ಹೊರಟುಹೋಗುವುದು. ಸಾರಿಗೆ ಉಪ್ಪು ಹಾಕಿದ್ದೇನೆಯೇ ಎಂದು ನನ್ನನ್ನು ಕೇಳುವುದು. ಡಾಕ್ಟರು ನೋಡಿ, ಏನೂ ತೊಂದರೆಯಿಲ್ಲ ಎಂದರು. ಅವಳು ನಂಬಲಿಲ್ಲ. ಒಂದು ದಿನ ನೀರಿನ ಟ್ಯಾಂಕರಿನ ಮುಂದೆ ಜಗಳವೆದ್ದು ಸೆಲ್ವಿ ಎಂದಿನಂತೆ, “ಸರೋಜಕ್ಕಾ, ನೀಂಗ ಸೊಲ್ಲುಂಗ” ಅಂದಳು. ಸರೋಜ ತನ್ನ ಬಿಂದಿಗೆಯನ್ನು ಎತ್ತಿಕೊಂಡಳು. “ನನ್ ಕೇಳ್ಬೇಡ ಕಣೇ. ನಂಗೆ ಗ್ಯಾಪ್ಕ ನಿಲ್ಲಲ್ಲ” ಎಂದು ಸಾಲಿನ ಕೊನೆಗೆ ಹೋಗಿ ನಿಂತಳು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅವತ್ತು ಹೇಳಬಹುದಿತ್ತು. ಹೇಳಲಿಲ್ಲ. ಅದಾದ ಮೇಲೂ ಆ ಕಥೆಯನ್ನು ರೈಲಿನಲ್ಲಿ ಹೇಳಿ ನಗಿಸಿದ್ದೇನೆ.

ಅವಳು ಅದೇ ಮನೆಯಲ್ಲಿದ್ದಾಳೆ, ನನ್ನ ಎದುರಿಗೇ ಕೂತು ಉಣ್ಣುತ್ತಾಳೆ. ಆದರೂ ನಾನು ಹಂಬಲಿಸುವುದು ಅವಳಿಗಾಗಿಯೇ — ಯಾರ ಹಿಂದೆ ಯಾರೆಂದು ಒಂದೇ ಉಸಿರಿಗೆ ಹೇಳುತ್ತಿದ್ದ ಆ ಹೆಂಗಸಿಗಾಗಿ, ಕಿಟಕಿಗೆ ಹಣೆ ಒತ್ತಿ ಕೂತಿದ್ದವಳಿಗಾಗಿ.

ಈ ಭಾನುವಾರ ಮುನಿರಾಜು ಮನೆಗಾಡಿಯನ್ನು ರಿಪೇರಿ ಮಾಡಿಸಿ ತಂದ. ಹೊಸ ಪಂಪು, ಹೊಸ ಪೈಪು. ಕೆಳಗಿನ ನಲ್ಲಿಗೆ ಒಂದು ಚಿಲಕವನ್ನೂ ಬೀಗವನ್ನೂ ಹಾಕಿಸಿದ್ದ.

“ಇನ್ನೊಂದ್ ಸತಿ ಓಗ್ಬಿಟ್ ಬರಾಣ ಭಾವ. ಈ ಸತಿ ಅಕ್ಕನ್ ಕೈಗೆ ನೀರು ಕೊಡಲ್ಲ. ಬೀಗದ ಕೈ ನನ್ ಜೇಬಲ್ಲಿ.”

“ಒಳ್ಳೇ ಕೆಲ್ಸ ಮಾಡ್ದೆ ಬಿಡು,” ಅಂದಳು ಸರೋಜ, ನಗುತ್ತಲೇ. “ಆದ್ರೆ ನಾನು ಬರಲ್ಲ. ನೀವಿಬ್ರೂ ಓಗಿ. ನಾನ್ ಬಂದು ಇನ್ನೇನ್ ಕೆಡಿಸ್ಲಿ?”

ಆ ಬೀಗವನ್ನು ನೋಡಿದೆ. ಆಮೇಲೆ ನಿಂತಲ್ಲೇ ಹೇಳಿದೆ. “ಅವತ್ತು ನೀನು ನೀರು ಬಿಟ್ಟಿದ್ದೆ. ನೀವು ಚಹಾಕ್ಕೆ ಹೋದಾಗ ನಾನು ಮತ್ತೆ ತುಂಬಿದೆ. ಬೆಳಗ್ಗೆ ನನಗೆ ಗೊತ್ತಿತ್ತು.”

ಮುನಿರಾಜು, “ಏನ್ ಭಾವ...” ಎಂದ.

ಸರೋಜ ನನ್ನ ಕಡೆ ನೋಡದೆ, ಒಂದೊಂದೇ ಹೇಳಿದಳು. “ಮೊದ್ಲು ತೊಟ್ಟಿ ನಲ್ಲಿ ತೆಗ್ದೆ. ಆಮೇಲೆ ಸ್ನಾನದ್ದು. ಆಮೇಲೆ ಗೀಸರು. ಕಡೇಗೆ ಕೆಳಗಿಂದು ತೆಗೆಯೋವಾಗ ಎಡಗಾಲ ಮೇಲೆ ನೀರು ಬಿತ್ತು. ರಾತ್ರಿಯೆಲ್ಲ ಆ ಕಾಲು ಬೆಚ್ಚಗಾಗ್ಲೇ ಇಲ್ಲ. ಬೆಳಗ್ಗೆ ಎದ್ದಾಗ ಚಪ್ಪಲಿ ಮೇಲೆ ಆ ನೀರು ಗಟ್ಟಿಯಾಗಿ ಕೂತಿತ್ತು ಕಣ್ರೀ. ಕಣ್ಣಾರೆ ನೋಡ್ದೆ. ನೋಡಿದ್ರೂ ನೀವೇಳಿದ್ದೇ ನಿಜ ಅಂದ್ಕೊಂಡೆ.”

ಒಳಗೆ ಹೋದಳು.

ನಾನು ಹಿಂದೆ ಹೋಗಲಿಲ್ಲ. ಹೆಪ್ಪುಗಟ್ಟಿದ ಚಪ್ಪಲಿಯನ್ನು ನೋಡಿದ ಅವಳ ಕಣ್ಣಿಗಿಂತ ನನ್ನ ಒಂದು ಮಾತು ದೊಡ್ಡದಾಗುವಂತೆ ನಲವತ್ತು ವರ್ಷ ಬದುಕಿದ್ದೇನೆ. ಮಧ್ಯಾಹ್ನ ನನಗೂ ಮುನಿರಾಜುವಿಗೂ ಊಟ ಬಡಿಸಿದಳು. ಉಪ್ಪಿನ ಮಾತು ಕೇಳಲಿಲ್ಲ. ನನ್ನನ್ನು ಕ್ಷಮಿಸಿದಳೆಂದು ಯಾರೂ ತಿಳಿಯಬೇಡಿ, ನಾನೂ ತಿಳಿದಿಲ್ಲ. ಮುಂದಿನ ವಾರದಿಂದ ಮಾರಿಕುಪ್ಪಂ ರೈಲಿನಲ್ಲಿ ನನ್ನ ಕಥೆ ಕೇಳಿ ನಕ್ಕವರನ್ನು ಹುಡುಕಿ, ಒಬ್ಬೊಬ್ಬರಿಗೂ ಸರಿಯಾಗಿ ಹೇಳಬೇಕಾಗಿದೆ. ಸೆಲ್ವಿಗೆ ಮೊದಲು.

ಸಂಜೆ. ಪೈಪುಗಳನ್ನು ಪರೀಕ್ಷಿಸಲು ಮುನಿರಾಜು ತುಂಬಿಸಿದ್ದ ನೀರನ್ನು ಇಳಿಸುವ ಕೆಲಸ ಬಾಕಿಯಿತ್ತು. ನಮ್ಮೂರಿನ ಚಳಿಗೆ ಏನೂ ಹೆಪ್ಪುಗಟ್ಟುವುದಿಲ್ಲ, ಆದರೂ ಮಾಡಿದೆ. ಅವನಿಂದ ಬೀಗದ ಕೈ ಇಸಿದುಕೊಂಡು ಆ ಚಿಲಕವನ್ನು ಬಿಚ್ಚಿ ತೆಗೆದೆ. ಅವಳು ಹೇಳಿದ ಕ್ರಮದಲ್ಲೇ — ತೊಟ್ಟಿ, ಸ್ನಾನದ್ದು, ಗೀಸರು. ಪಂಪು ಕೆಮ್ಮಿತು, ಗಡಗಡ ಎಂದಿತು. ಆರಿಸಿದೆ. ಖಾಲಿಯೇ ಬಿಟ್ಟೆ.

“ಕೆಳಗಿಂದು?” ಸರೋಜ ಬಾಗಿಲಲ್ಲಿ ನಿಂತಿದ್ದಳು.

“ತೆಗೆದೆ.”

ಅವಳು ಮೆಟ್ಟಿಲು ಇಳಿದು ಬಂದಳು. ನನ್ನ ಮಾತಿಗೆ ತಲೆಯಾಡಿಸಲಿಲ್ಲ. ಸೀರೆಯ ನೆರಿಗೆ ಒಟ್ಟುಮಾಡಿ ಹಿಡಿದು, ಬಗ್ಗಿ, ನಲ್ಲಿಯ ಬಾಯಿಗೆ ತಾನೇ ಬೆರಳಿಟ್ಟು ನೋಡಿದಳು. ಕೊನೆಯ ಹನಿಯನ್ನು ಒರೆಸಿಕೊಂಡು ಒಳಕ್ಕೆ ಹೋದಳು.

ನಾನು ಅವತ್ತು ಬಚ್ಚಿಟ್ಟಿದ್ದ ಆ ಖಾಲಿ ಕ್ಯಾನನ್ನು ಬಾಗಿಲ ಪಕ್ಕ, ಎಲ್ಲರಿಗೂ ಕಾಣುವ ಕಡೆ, ಬೋರಲು ಹಾಕಿದೆ.