ಮಂಜುಗಡ್ಡೆಯ ತೂತಿನಲ್ಲಿ ಸಿಕ್ಕಿದ ಮೊದಲ ಮೀನು

ಗ್ಯಾರಿ ತನ್ನ ಪಿಕಪ್ ಟ್ರಕ್ಕನ್ನು ದಡದಲ್ಲಿ ನಿಲ್ಲಿಸಲಿಲ್ಲ, ನೇರ ಸರೋವರದ ಮೇಲಕ್ಕೆ ಓಡಿಸಿದ. ಹಿಂದಿನ ಸೀಟಿನಲ್ಲಿ ನಾನು ಮಗಳ ಕೈ ಗಟ್ಟಿಯಾಗಿ ಹಿಡಿದು, ಗೊತ್ತಿದ್ದ ದೈವಗಳನ್ನೆಲ್ಲ ಒಮ್ಮೆ ನೆನೆದೆ. ಕೆಳಗೆ ಸಿಮ್ಕೋ ಸರೋವರದ ನೀರು, ಅದರ ಮೇಲೆ ಮೊಣಕಾಲುದ್ದದ ಮಂಜುಗಡ್ಡೆ, ಅದರ ಮೇಲೆ ನಾವು ನಾಲ್ವರು ಮತ್ತು ಒಂದು ಟ್ರಕ್ಕು. ಸುತ್ತ ಒಂದು ಊರೇ ಎದ್ದು ನಿಂತಿತ್ತು. ಗೂಡಂಗಡಿಯಷ್ಟು ದೊಡ್ಡ ಹಲಗೆಯ ಗುಡಿಸಲುಗಳು, ಅವುಗಳ ತಲೆಯಿಂದ ಹೊಗೆ, ನಡುನಡುವೆ ಬಕೆಟು ಬೋರಲು ಹಾಕಿ ಕುಳಿತ ದೊಡ್ಡ ದೊಡ್ಡ ಗಂಡಸರು. ಎಲ್ಲರೂ ತಲೆ ಬಗ್ಗಿಸಿ ಕಾಲಬುಡದ ಒಂದು ತೂತನ್ನು ನೋಡುತ್ತಿದ್ದರು.

"ಇವರೆಲ್ಲ ಎಂತ ಮಾಡ್ತಾ ಇದ್ದಾರೆ?" ಎಂದು ಕೇಳಿದೆ.

"ಮೀನು ಹಿಡೀತಾ ಇದ್ದಾರೆ ಮಾರಾಯ್ತಿ," ಅಂದರು ನಮ್ಮವರು.

ನನಗೆ ನಗು ತಡೆಯಲಾಗಲಿಲ್ಲ. ಅವರು ಮುಂದಿನ ಸೀಟಿನಿಂದ ತಿರುಗಿ ಕಣ್ಣು ಬಿಟ್ಟರು. ಗ್ಯಾರಿ ನಮ್ಮವರು ದುಡಿಯುವ ಬೋಲ್ಟನ್ ಗೋದಾಮಿನಲ್ಲಿ ಲೀಡ್ ಹ್ಯಾಂಡು, ಅಂದರೆ ಶಿಫ್ಟು ಹಂಚುವವನು. ಭಾನುವಾರ ಪುರುಸೊತ್ತು ಮಾಡಿಕೊಂಡು ನಮ್ಮನ್ನು ಕರೆದುಕೊಂಡು ಬಂದಿದ್ದ. ನಗಬಾರದು ಎಂಬುದು ನನಗೂ ಗೊತ್ತಿತ್ತು.

ಆದರೆ ನಗುವ ಹಕ್ಕು ನನ್ನಷ್ಟು ಅಲ್ಲಿ ಯಾರಿಗೂ ಇರಲಿಲ್ಲ. ನಾನು ಮಲ್ಪೆಯವಳು. ಅಪ್ಪ, ಮಾವಂದಿರು ದೋಣಿಯವರು, ಅಮ್ಮ ಇವತ್ತಿಗೂ ಉಡುಪಿ ಮಾರ್ಕೆಟಿನಲ್ಲಿ ಬುಟ್ಟಿ ಇಟ್ಟು ಕೂರುವವಳು. ಬಂಗುಡೆ ಇವತ್ತಿನದೋ ನಿನ್ನೆಯದೋ ಎಂದು ಕಿವಿರು ಎತ್ತಿ ನೋಡದೆ, ಬರೀ ಕಣ್ಣು ನೋಡಿ ಹೇಳುವುದನ್ನು ಹತ್ತನೇ ವಯಸ್ಸಿಗೇ ಕಲಿತಿದ್ದೆ. ನಮ್ಮಲ್ಲಿ ಬಲೆ ಎಳೆಯಲು ಇಪ್ಪತ್ತು ಜನ ಬೇಕು, ಎಳೆದಾಗ ದಡವೆಲ್ಲ ಬೆಳ್ಳಗಾಗುತ್ತದೆ. ಇಲ್ಲಿ ಒಬ್ಬ ಗಂಡಸಿಗೆ ಒಂದು ತೂತು, ಒಂದು ತೂತಿಗೆ ದಿನಕ್ಕೆ ಎರಡು ಮೀನು. ಅದೂ ಉಪ್ಪಿಲ್ಲದ ನೀರಿನದು.

ಈ ದೇಶಕ್ಕೆ ಬಂದು ಹತ್ತು ವರ್ಷವಾಗಿತ್ತು, ಇವರ ಮೀನಿನ ಬಗ್ಗೆ ನನ್ನ ಅಭಿಪ್ರಾಯ ಮೊದಲ ವಾರವೇ ಗಟ್ಟಿಯಾಗಿತ್ತು. ಸೂಪರ್ ಮಾರ್ಕೆಟಿನಲ್ಲಿ ತಲೆ ಇಲ್ಲ, ಬಾಲ ಇಲ್ಲ, ಮುಳ್ಳಿಲ್ಲ, ಚರ್ಮ ಇಲ್ಲ, ಬಟ್ಟೆ ಒಗೆಯುವ ಸಾಬೂನಿನಂಥ ಒಂದು ಬಿಳಿ ತುಂಡು. ಅದಕ್ಕೆ ಮೂಗು ಹಚ್ಚಿದರೂ ವಾಸನೆ ಬರುವುದಿಲ್ಲ. ನನ್ನ ಕೆಲಸವೂ ಅದರದೇ. ರೆಕ್ಸ್‌ಡೇಲಿನ ಒಂದು ಫ್ಯಾಕ್ಟರಿಯಲ್ಲಿ ಆ ತುಂಡುಗಳಿಗೆ ಬ್ರೆಡ್ಡಿನ ಪುಡಿ ಮೆತ್ತಿ ಪೆಟ್ಟಿಗೆಗೆ ತುಂಬುವುದು. ನನ್ನ ಅಮ್ಮನಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ಅವಳು, "ಕಣ್ಣಿಲ್ಲದ ಮೀನನ್ನು ಹೇಗೆ ನಂಬ್ತಾರೆ?" ಎಂದು ಕೇಳಿದ್ದಳು.

ನಿಜವಾದ ಮೀನು ಬೇಕೆಂದರೆ ಚೀನೀಯರ ಅಂಗಡಿಗೆ ಎರಡು ಬಸ್ಸು ಹತ್ತಿ ಹೋಗಬೇಕು. ತಂದು ನಾವು ಬಾಡಿಗೆಗಿರುವ ಬೇಸ್‌ಮೆಂಟಿನ ಒಲೆಗೆ ಇಟ್ಟರೆ ಮೇಲಿನ ಮನೆಯ ಆಂಟಿ ಮೆಟ್ಟಿಲ ಬಾಗಿಲು ತೆರೆದು "ಬೇಟಾ, ಬದ್ಬೂ!" ಎನ್ನುವರು. ಬದ್ಬೂ ಎಂದರೆ ನಾತ. ಅದನ್ನು ಹತ್ತು ವರ್ಷ ಕೇಳಿಯೂ ಹುಳಿಖಾರದ ಮೀನಿನ ಪುಳಿಮುಂಚಿ ಮಾಡುವುದನ್ನು ನಾನು ಬಿಟ್ಟಿರಲಿಲ್ಲ. ಆಂಟಿಯ ಮೂಗು ಆಂಟಿಯ ಸಮಸ್ಯೆ.

ನನ್ನನ್ನು ಸೋಲಿಸಿದವಳು ನನ್ನ ಮಗಳು ದೀಕ್ಷಾ. ಅವಳಿಗೆ ಆಗ ಒಂಬತ್ತು. ಶಾಲೆಯಲ್ಲಿ ಯಾರೋ ಅವಳ ಜಾಕೆಟ್ಟನ್ನು ಮೂಸಿ ಮೂಗು ಮುಚ್ಚಿಕೊಂಡರಂತೆ. ಅವತ್ತಿನಿಂದ ಅವಳು ಮೀನು ಮುಟ್ಟಲಿಲ್ಲ. ಒಂದು ವರ್ಷ ಪೂರ್ತಿ. ಬಡಿಸಿದರೆ ತಟ್ಟೆಯನ್ನು ಒಂದು ಬೆರಳಿನಿಂದ ಆಚೆ ದೂಡಿ, "ಇಟ್ಸ್ ಓಕೆ ಅಮ್ಮ, ನಂಗೆ ಮೊಸರು ಸಾಕು" ಎನ್ನುವಳು. ಗದರಿಸಿದೆ, ಮುದ್ದು ಮಾಡಿದೆ, ಅಳಿಸಿದೆ. ನಾಲ್ಕು ತಲೆಮಾರು ಮೀನಿನಲ್ಲೇ ಬೆಳೆದ ಮನೆಯ ಹುಡುಗಿ ಮೊಸರನ್ನ ತಿಂದು ಏಳುವಾಗ ನನಗೆ ಎದೆ ಉರಿಯುತ್ತಿತ್ತು. ಗ್ಯಾರಿ ಕರೆದಾಗ ನಾನು ಹೊರಟದ್ದು ಅದಕ್ಕೇ. ನಮ್ಮ ಮನೆಯಲ್ಲಿ ಮಗು ತನ್ನ ಕೈಯಾರೆ ಹಿಡಿದ ಮೊದಲ ಮೀನನ್ನು ಮಾರುವುದಿಲ್ಲ, ಕೊಡುವುದಿಲ್ಲ. ಮನೆಗೆ ತಂದು ಬೇಯಿಸಿ ಅದೇ ಮಗುವಿನ ಬಾಯಿಗೆ ಇಡಬೇಕು. ಒಂದು ಮೀನು ಅವಳ ಕೈಗೆ ಸಿಕ್ಕಲಿ, ತಿನ್ನದೆ ಎಲ್ಲಿಗೆ ಹೋಗುತ್ತಾಳೆ ನೋಡುವ ಎಂದುಕೊಂಡಿದ್ದೆ.

ಗ್ಯಾರಿಯ ಗುಡಿಸಲಿನ ಒಳಗೆ ಪುಟ್ಟ ಹೀಟರು, ಎರಡು ಬೆಂಚು, ನೆಲದಲ್ಲಿ ತೂತು. ಗ್ಯಾರಿ ಒಂದು ಮೊಳದ ಕೋಲಿಗೆ ದಾರ ಕಟ್ಟಿ ದೀಕ್ಷಾಳ ಕೈಗೆ ಕೊಟ್ಟ. ಅದು ಗಾಳವಂತೆ. ಮಧ್ಯಾಹ್ನದವರೆಗೆ ಅವನಿಗೆ ಸಿಕ್ಕಿದ್ದು ಎರಡು ಕ್ರಾಪಿ. ಕ್ರಾಪಿ ಎಂದರೆ ಮೈ ತುಂಬ ಕಪ್ಪು ಚುಕ್ಕೆ ಇರುವ, ಅಂಗೈಯಗಲದ ಚಪ್ಪಟೆ ಮೀನು. ನಮ್ಮಲ್ಲಾದರೆ ಬುಟ್ಟಿಯ ಅಡಿಯಲ್ಲಿ ಉಳಿದು ಬೆಕ್ಕಿನ ಪಾಲಾಗುವಂಥದ್ದು. ಅದನ್ನು ಎತ್ತಿ ಹಿಡಿದು ಅವನು ಫೋಟೋ ತೆಗೆಸಿಕೊಂಡ. ನಮ್ಮವರು ಚಪ್ಪಾಳೆ ಹೊಡೆದರು. ಹೊಟ್ಟೆಪಾಡು ಏನೆಲ್ಲ ಮಾಡಿಸುತ್ತದೆ!

ಆಮೇಲೆ ದೀಕ್ಷಾಳ ಕೋಲು ಬಾಗಿತು. "ಅಮ್ಮಾ! ಅಮ್ಮಾ!" ಎಂದು ಕಿರುಚಿದಳು. ಗ್ಯಾರಿ ಅವಳ ಕೋಲು ಮುಟ್ಟಲಿಲ್ಲ. ಎಳಿ, ಬಿಡು, ಎಳಿ ಎಂದು ಪಕ್ಕದಲ್ಲಿ ಕುಳಿತು ಹೇಳುತ್ತ ಹೋದ. ತೂತಿನಿಂದ ಮೇಲೆ ಬಂದದ್ದು ನನ್ನ ಮೊಳಕೈಯಷ್ಟು ಉದ್ದದ ಹಸಿರು ಮೀನು, ಬಾಯಿ ತೆರೆದರೆ ಒಂದು ಮುಷ್ಟಿ ಹೋಗಬಹುದು. ಅವತ್ತು ಮೊದಲ ಬಾರಿಗೆ ನಾನು ನಗುವುದನ್ನು ನಿಲ್ಲಿಸಿದೆ. ಕಣ್ಣು ಸ್ವಚ್ಛ, ಕಿವಿರು ದಾಸವಾಳದ ಬಣ್ಣ. ಮೀನೆಂದರೆ ಮೀನು.

"ಬಾಸ್," ಎಂದು ಮೀನಿನ ಜಾತಿ ಹೇಳಿದ ಗ್ಯಾರಿ, ಗಾಳ ಬಿಡಿಸುತ್ತ. "ಬ್ಯೂಟಿಫುಲ್. ಆದರೆ ವಾಪಸ್ ಬಿಡಬೇಕು ಮಗೂ. ವಸಂತದಲ್ಲಿ ಮೊಟ್ಟೆ ಇಡುತ್ತದೆ, ಬಾಸ್ ಹಿಡಿಯುವ ಕಾಲ ಜೂನ್‌ವರೆಗೆ ಇಲ್ಲ. ನಿನ್ನ ಮೀನು, ನೀನೇ ಬಿಡು." ಅಷ್ಟರಲ್ಲಿ ಪಕ್ಕದ ಗುಡಿಸಲಿನವನು ಏನೋ ಸಹಾಯಕ್ಕೆ ಕೂಗಿದ. ಗ್ಯಾರಿ ಎದ್ದು ಹೋದ, ಹಿಂದೆಯೇ ನಮ್ಮವರೂ ಹೋದರು.

ದೀಕ್ಷಾ ಕೈಗವಸು ಕಳಚಿ, ಕೈ ಒದ್ದೆ ಮಾಡಿಕೊಂಡು, ಮೀನನ್ನು ಎತ್ತಿ ತೂತಿನತ್ತ ಬಗ್ಗಿದಳು. ನಾನು ಅದನ್ನು ಅವಳ ಕೈಯಿಂದ ಕಿತ್ತು ನನ್ನ ಊಟದ ಚೀಲಕ್ಕೆ ಹಾಕಿ ಜಿಪ್ಪು ಎಳೆದೆ.

"ಅಮ್ಮ, ನೋ! ಅದು ಸ್ಪ್ರಿಂಗಲ್ಲಿ ಮೊಟ್ಟೆ ಇಡ್ತದಂತೆ. ಗ್ಯಾರಿ ಹೇಳಿದ—"

"ಗ್ಯಾರಿಗೆ ಎಂತ ಗೊತ್ತುಂಟು ಮೀನಿನ ವಿಷಯ? ನೀನು ಸುಮ್ಮನೆ ಕೂತ್ಕೋ."

ಅವಳು ಕೂತಳು. ಅವಳ ಕೆನ್ನೆಯಲ್ಲಿ ಆಗಷ್ಟೇ ಇದ್ದ ಸಂತೋಷ ಎಲ್ಲಿ ಹೋಯಿತೋ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಮಳೆಗಾಲದಲ್ಲಿ ನಮ್ಮ ದೋಣಿಗಳೂ ದಡಕ್ಕೆ ಏರುತ್ತವೆ. ಮೀನು ಮೊಟ್ಟೆ ಇಡುವ ಹೊತ್ತಿನಲ್ಲಿ ಬಲೆ ಹಾಕುವವನನ್ನು ಅಪ್ಪ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಗ್ಯಾರಿ ಹೇಳಿದ್ದು ಅದನ್ನೇ ಎಂದು ನನಗೆ ಆ ಕ್ಷಣವೇ ಅರ್ಥವಾಗಿತ್ತು. ಆದರೆ ಬಕೆಟಿನ ಮೇಲೆ ಕೂರುವ ಒಬ್ಬ ಗೋದಾಮಿನವನಿಂದ ನಾನು ಅದನ್ನು ಕೇಳಿಸಿಕೊಳ್ಳಬೇಕೇ?

ಐದು ನಿಮಿಷವೂ ಆಗಿರಲಿಲ್ಲ. ಹೊರಗೆ ಸ್ನೋಮೊಬೈಲು, ಅಂದರೆ ಹಿಮದ ಮೇಲೆ ಓಡುವ ಸ್ಕೂಟರು, ಬಂದು ನಿಂತ ಸದ್ದು. ಗ್ಯಾರಿ ಮತ್ತು ನಮ್ಮವರ ಜೊತೆ ಸಮವಸ್ತ್ರದ ಒಬ್ಬ ಹೆಂಗಸು ಒಳಗೆ ಬಂದಳು. ಯಾರು ಏನು ಹಿಡಿದರು ಎಂದು ನೋಡುವ ಆಫೀಸರಂತೆ. ಗ್ಯಾರಿಯ ಲೈಸೆನ್ಸು ನೋಡಿದಳು, ಬಕೆಟಿನ ಎರಡು ಕ್ರಾಪಿ ನೋಡಿದಳು, ಒಳ್ಳೆಯ ದಿನ ಎಂದಳು. ಆಗ ನನ್ನ ಊಟದ ಚೀಲ ಬೆಂಚಿನ ಮೇಲೆ ಧಡ್ ಎಂದು ಬಡಿದುಕೊಂಡಿತು.

"ಅದರಲ್ಲಿ ಏನಿದೆ ಮೇಡಂ?"

"ಲಂಚ್," ಎಂದೆ. ಲಂಚು ಇನ್ನೆರಡು ಸಲ ಬಡಿದುಕೊಂಡಿತು.

ನಮ್ಮವರ ಮುಖ ಬಿಳಿಚಿಕೊಂಡಿತು. ಗ್ಯಾರಿ ನನ್ನನ್ನು ನೋಡದೆ ತನ್ನ ಬೂಟನ್ನು ನೋಡಿದ. ಅದೇ ನನಗೆ ಹೆಚ್ಚು ನಾಚಿಕೆ ತಂದಿತು. ದೀಕ್ಷಾ ಎದ್ದು ನನ್ನ ಮುಂದೆ ಬಂದು ನಿಂತಳು.

"ಇಟ್ಸ್ ಮೈ ಫಿಶ್," ಎಂದಳು ಆಫೀಸರಿಗೆ. ಉಳಿದದ್ದನ್ನೂ ಇಂಗ್ಲಿಷಿನಲ್ಲೇ ಹೇಳಿದಳು, ನಾನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ: "ಅಮ್ಮನನ್ನು ಬೈಯಬೇಡಿ. ಅವಳಿಗೆ ಮೀನಿನ ವಿಷಯ ಏನೂ ಗೊತ್ತಿಲ್ಲ. ಅವಳು ಇಲ್ಲಿಯವಳಲ್ಲ."

ಆಫೀಸರು ನನ್ನತ್ತ ತಿರುಗಿ, ಹೌದೇ ಎಂದು ಕೇಳಿದಳು. ಹಿಂದಿನ ವರ್ಷವಷ್ಟೇ ಕೈಯಲ್ಲಿ ಪುಟ್ಟ ಬಾವುಟ ಹಿಡಿದು ಈ ದೇಶದ ಪ್ರಜೆಯಾಗಿ ಪ್ರಮಾಣ ಮಾಡಿದವಳು ನಾನು. ಮಲ್ಪೆಯಲ್ಲಿ ಹುಟ್ಟಿದವಳು ನಾನು. ದಂಡ ಬಿದ್ದರೆ ಕಟ್ಟಬಹುದಿತ್ತು. ಆದರೆ ಮಗಳ ಮಾತು ಸುಳ್ಳೆಂದರೆ ಅವಳ ಮಾನ ಹೋಗುತ್ತಿತ್ತು. ನಾನು ತಲೆಯಾಡಿಸಿದೆ. ಹೌದು, ನನಗೆ ಮೀನಿನ ವಿಷಯ ಏನೂ ಗೊತ್ತಿಲ್ಲ.

ಆಫೀಸರು ಎಚ್ಚರಿಕೆ ಕೊಟ್ಟು ಬಿಟ್ಟಳು. ದೀಕ್ಷಾ ಮಂಡಿಯೂರಿ ಮೀನನ್ನು ನೀರಿನಲ್ಲಿ ಹಿಡಿದು, ಅದು ಉಸಿರಾಡುವವರೆಗೆ ಮೆಲ್ಲನೆ ಅತ್ತಿತ್ತ ಆಡಿಸಿದಳು. ಚಳಿಗೆ ಅವಳ ಬೆರಳು ಕೆಂಪಗಾದರೂ ಕೈ ತೆಗೆಯಲಿಲ್ಲ. ಮೀನನ್ನು ಹಾಗೆ ಹಿಡಿಯುವ ಕೈಯನ್ನು ನಾನು ನಮ್ಮೂರಿನಲ್ಲೂ ಹೆಚ್ಚು ಕಂಡಿಲ್ಲ. ಬಾಲ ಒಮ್ಮೆ ಬೀಸಿ ಬಾಸ್ ಹೋಯಿತು.

ಮನೆಯ ಮುಂದೆ ಇಳಿಯುವಾಗ ಗ್ಯಾರಿ ಎರಡೂ ಕ್ರಾಪಿಗಳನ್ನು ಬ್ರೆಡ್ಡಿನ ಖಾಲಿ ಚೀಲದಲ್ಲಿ ಹಾಕಿ ನನಗೆ ಕೊಟ್ಟ. "ಜೂನ್‌ನಲ್ಲಿ ಬನ್ನಿ," ಎಂದ, ಅಷ್ಟೇ. ಬೆಕ್ಕಿನ ಪಾಲಿನ ಮೀನು ಎಂದೆನಲ್ಲ, ಅದನ್ನೇ ತೊಳೆದು, ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದೆ. ಮೇಲಿನಿಂದ "ಬದ್ಬೂ" ಬಂತು. ದೀಕ್ಷಾ ಕರೆಯದೆಯೇ ಬಂದು ಕೂತಳು. ಮುಳ್ಳು ಬಿಡಿಸಿ, ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, ಒಂದು ಮೀನು ಪೂರ್ತಿ ತಿಂದಳು.

"ಹೇಗುಂಟು?"

"ಗುಡ್. ಬಟ್ ನಂದು ಇದಕ್ಕಿಂತ ದೊಡ್ಡದಿತ್ತು," ಎಂದಳು. ಒಂದು ವರ್ಷದಿಂದ ಕಾದ ತುತ್ತು ಅವಳ ಹೊಟ್ಟೆ ಸೇರಿತ್ತು. ಆದರೆ ಅದು ಗ್ಯಾರಿ ಹಿಡಿದ ಮೀನು.

ಸಂಜೆ ಊರಿಗೆ ಫೋನು ಮಾಡಿದೆ. ಅಲ್ಲಿ ಬೆಳಗು, ಅಮ್ಮ ಬುಟ್ಟಿ ಹೊರಡಿಸುತ್ತಿದ್ದಳು. ಮೊಮ್ಮಗಳು ಮೀನು ಹಿಡಿದಳೆಂದು ಕೇಳಿ ಅವಳ ದನಿಯೇ ಬದಲಾಯಿತು.

"ಮೊದಲನೇ ಮೀನು ಅವಳಿಗೇ ತಿನ್ನಿಸಿದಿಯಲ್ಲ?"

"ತಿನ್ನಿಸಿದೆ ಅಮ್ಮ," ಎಂದೆ.

ಲಂಚ್ ಎಂದದ್ದನ್ನು ಬಿಟ್ಟರೆ, ಅವತ್ತು ನಾನು ಹೇಳಿದ ಎರಡನೆಯ ಸುಳ್ಳು ಅದು. ಇಲ್ಲಿಯವರ ಮುಂದೆ ನನಗೆ ಮೀನು ಗೊತ್ತಿಲ್ಲವೆಂದೆ, ಅಲ್ಲಿಯವರ ಮುಂದೆ ಮಗಳಿಗೆ ಅವಳ ಮೀನು ತಿನ್ನಿಸಿದೆನೆಂದೆ. ಎರಡೂ ಕಡೆಯವರು ನಂಬಿದರು. ದೀಕ್ಷಾಳ ಮೀನು ಮಾತ್ರ ಮಂಜುಗಡ್ಡೆಯ ಕೆಳಗೆ ಎಲ್ಲೋ ಈಜುತ್ತಿತ್ತು.